ಕಡಲು ಕುಡಿದ ಬಿಸಿಲು, ಸ್ಲ್ಯಾಬು ನುಂಗಿದ ಬಿಸಿಲು

ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ದುಡಿಯಲು ಬಂದವರಿಗೆ ಮೇ ತಿಂಗಳಲ್ಲಿ ಲೆಕ್ಕ ತಪ್ಪುತ್ತದೆ. ಊರಲ್ಲಿ ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ. ಇಲ್ಲಿ ಕೊಲಾಬಾದ ಉಷ್ಣಮಾಪಕ ಅದೇ ಹೊತ್ತಿಗೆ 33 ಅಥವಾ 34 ತೋರಿಸುತ್ತಿರುತ್ತದೆ. ಭೂಪಟ ನೋಡಿದರೆ ಇದಕ್ಕೆ ಕಾರಣ ಸಿಗುವುದಿಲ್ಲ. ಕಲಬುರಗಿ 17 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿದೆ, ಮುಂಬೈ 19ರಲ್ಲಿ. ಎರಡೂ ಊರುಗಳ ನೆತ್ತಿಯ ಮೇಲೆ ಸೂರ್ಯ ಮೇ ತಿಂಗಳಲ್ಲೇ ಬಂದು ನಿಲ್ಲುತ್ತಾನೆ, ಎರಡರ ಮೇಲೂ ಸುರಿಯುವ ಬಿಸಿಲು ಹೆಚ್ಚೂಕಡಿಮೆ ಒಂದೇ. ಹಾಗಾದರೆ ಆ ಆರೇಳು ಡಿಗ್ರಿ ಎಲ್ಲಿ ಹೋಯಿತು?

ಲೆಕ್ಕ ಎರಡನೆಯ ಸಲ ತಪ್ಪುವುದು ರಾತ್ರಿ. ಊರಲ್ಲಿ ಎಷ್ಟೇ ಬಿಸಿಲಿದ್ದರೂ ಮಾಳಿಗೆಯ ಮೇಲೆ ಹಾಸಿಗೆ ಬಿಡಿಸಿದರೆ ಬೆಳಗಿನ ಜಾವಕ್ಕೆ ಹೊದಿಕೆ ಹುಡುಕಬೇಕು. ಮುಂಬೈಯ ಕಟ್ಟಡದ ಕೊನೆಯ ಮಹಡಿಯ ಖೋಲಿಯಲ್ಲಿ ರಾತ್ರಿ ಎರಡು ಗಂಟೆಗೂ ಮೇಲಿನ ಸ್ಲ್ಯಾಬು ಕೈಗೆ ಬೆಚ್ಚಗೇ ಹತ್ತುತ್ತದೆ, ಫ್ಯಾನ್ ತಿರುಗಿಸುವುದು ಆ ಬಿಸಿಗಾಳಿಯನ್ನೇ. ಹಗಲಿನ ಸಮಾಧಾನಕ್ಕೂ ರಾತ್ರಿಯ ಸಂಕಟಕ್ಕೂ ಕಾರಣ ವಸ್ತುಗಳ ಒಂದೇ ಗುಣ. ಅದು ಶಾಖಧಾರಣ ಸಾಮರ್ಥ್ಯ: ಒಂದು ವಸ್ತುವಿನ ಉಷ್ಣತೆ ಒಂದು ಡಿಗ್ರಿ ಏರಬೇಕಾದರೆ ಅದರೊಳಕ್ಕೆ ಎಷ್ಟು ಶಾಖ ತುಂಬಬೇಕು ಎಂಬ ಲೆಕ್ಕ. ಒಂದು ಕಿಲೋ ತೂಕಕ್ಕೆ ಆ ಲೆಕ್ಕ ಹಿಡಿದರೆ ಅದೇ ಶಾಲೆಯ ಪಾಠದ ವಿಶಿಷ್ಟೋಷ್ಣ.

ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಬೇಕು. ಕಾಂಕ್ರೀಟಿಗೆ 0.9ರಷ್ಟು, ಒಣ ಮರಳಿಗೆ 0.8, ಕಬ್ಬಿಣಕ್ಕೆ 0.45, ಸೀಸಕ್ಕೆ ಬರೀ 0.13. ಶಾಖಕ್ಕೂ ಉಷ್ಣತೆಗೂ ಇರುವ ಅಂತರವನ್ನು ಮೊದಲು ಸ್ಪಷ್ಟವಾಗಿ ಕಂಡವನು ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಪಾದರಸ ನೀರಿಗಿಂತ ಹದಿಮೂರು ಪಟ್ಟು ಭಾರ. ಭಾರವಾದದ್ದೇ ಹೆಚ್ಚು ಬಿಸಿ ಹಿಡಿಯಬೇಕು ಎಂದು ಆಗಿನವರು ನಂಬಿದ್ದರು. ಎರಡನ್ನೂ ಬೆರೆಸಿ ಅಳೆದರೆ ಫಲಿತಾಂಶ ತದ್ವಿರುದ್ಧವಾಗಿತ್ತು. ಶಾಖ ಎಷ್ಟಿದೆ ಎಂಬುದು ಬೇರೆ, ಉಷ್ಣಮಾಪಕ ಎಷ್ಟು ತೋರಿಸುತ್ತದೆ ಎಂಬುದು ಬೇರೆ ಎಂದು ಬ್ಲ್ಯಾಕ್ ತೀರ್ಮಾನಿಸಿದ.

ಈ ಅಂತರವನ್ನು ಕಣ್ಣಾರೆ ನೋಡಬೇಕೆಂದರೆ ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನ ಅಡುಗೆಮನೆಗೆ ಇಣುಕಬೇಕು. ದೋಸೆಯ ಕಾವಲಿ ಅಲ್ಲಿ ತೆಳ್ಳಗಿನ ತವಾ ಅಲ್ಲ, ಬೆರಳುದಪ್ಪದ ಕಬ್ಬಿಣದ ಹಲಗೆ. ಒಂದು ಸೌಟು ಹಿಟ್ಟು ಅಂದಾಜು 100 ಗ್ರಾಂ, ಅದರಲ್ಲಿ ಬಹುಪಾಲು ನೀರು. ಅದು ಕುದಿಯುವ ಮಟ್ಟಕ್ಕೆ ಏರಲು 25ರಿಂದ 30 ಕಿಲೋಜೂಲ್ ಶಾಖ ಕೇಳುತ್ತದೆ, ಕೇಳಿದ್ದನ್ನು ಕಬ್ಬಿಣದಿಂದಲೇ ಕಿತ್ತುಕೊಳ್ಳುತ್ತದೆ. 20 ಮಿಲಿಮೀಟರ್ ದಪ್ಪದ ಕಾವಲಿಯಲ್ಲಿ ಒಂದು ದೋಸೆಯ ಅಡಿಯಲ್ಲೇ ಹನ್ನೊಂದು ಕಿಲೋ ಕಬ್ಬಿಣ ಇರುತ್ತದೆ. ಅಷ್ಟು ಶಾಖ ಕೊಟ್ಟರೂ ಅದರ ಉಷ್ಣತೆ ಇಳಿಯುವುದು ಐದು ಡಿಗ್ರಿ. ಮನೆಯ 3 ಮಿಲಿಮೀಟರ್ ತವಾ ಅದೇ ಹೊಡೆತಕ್ಕೆ ಮೂವತ್ತು ಡಿಗ್ರಿಗೂ ಹೆಚ್ಚು ತಣ್ಣಗಾಗುತ್ತದೆ. ಮನೆಯಲ್ಲಿ ಎರಡನೆಯ ದೋಸೆ ಬಿಳಿಚಿಕೊಳ್ಳುವುದಕ್ಕೂ ಹೋಟೆಲಿನಲ್ಲಿ ಐವತ್ತನೆಯದೂ ಕೆಂಪಗೆ ಗರಿಗರಿಯಾಗಿ ಏಳುವುದಕ್ಕೂ ಹಿಟ್ಟಿನ ಹದವೊಂದೇ ಕಾರಣವಲ್ಲ. ಕಬ್ಬಿಣದ ವಿಶಿಷ್ಟೋಷ್ಣ ನೀರಿನ ಒಂಬತ್ತನೇ ಒಂದು ಪಾಲು ಮಾತ್ರ. ಆ ಕೊರತೆಯನ್ನು ಭಟ್ಟರು ತೂಕದಿಂದ ತುಂಬಿಸಿಕೊಂಡಿದ್ದಾರೆ.

ಮುಂಬೈಯ ಕಡಲಿಗೆ ಎರಡೂ ಕೈಗೂಡಿವೆ. ವಿಶಿಷ್ಟೋಷ್ಣ ದೊಡ್ಡದು, ರಾಶಿ ಅಳತೆಗೆ ಮೀರಿದ್ದು. ಜುಹೂ ಕಡಲತೀರದ ಒಣ ಮರಳು ಮಧ್ಯಾಹ್ನ ಕಾಲಿಡಲಾಗದಷ್ಟು ಸುಡುತ್ತದೆ. ಆದರೆ ಒಂದು ಗೇಣು ಅಗೆದರೆ ತಂಪು ಮರಳು ಸಿಗುತ್ತದೆ, ಬಿಸಿಲೆಲ್ಲ ಮೇಲಿನ ತೆಳುಪದರದಲ್ಲೇ ಸಿಕ್ಕಿಕೊಂಡಿರುತ್ತದೆ. ನೀರಿನಲ್ಲಿ ಬೆಳಕು ಆಳಕ್ಕೆ ಇಳಿಯುತ್ತದೆ, ಅಲೆಗಳು ಮೇಲಿನ ಬಿಸಿಯನ್ನು ಕೆಳಕ್ಕೆ ಕಲಸುತ್ತವೆ. ಒಂದು ದಿನದ ಬಿಸಿಲು ಹೀಗೆ ಹಲವು ಮೀಟರ್ ನೀರಿಗೆ ಹಂಚಿಹೋಗುತ್ತದೆ. ಸಮುದ್ರದ ಮೇಲ್ಮೈ ಇಡೀ ದಿನದಲ್ಲಿ ಒಂದು ಡಿಗ್ರಿ ಏರುವುದೂ ಕಷ್ಟ. ಗಾಳಿಯೊಂದಿಗೆ ಹೋಲಿಸಿದರೆ ಈ ತಾಕತ್ತು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ, ನೆಲದಿಂದ ಆಕಾಶದ ಅಂಚಿನವರೆಗೆ ನಿಂತಿರುವ ಅಷ್ಟೂ ವಾಯುಮಂಡಲ ಹಿಡಿಯುವ ಶಾಖವನ್ನು ಸಮುದ್ರದ ಮೇಲಿನ ಎರಡೂವರೆ ಮೀಟರ್ ನೀರೇ ಹಿಡಿಯಬಲ್ಲದು.

ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಅದರ ಮೇಲಿನ ಗಾಳಿ ಏರುತ್ತದೆ, ಕಾಯದೆ ಉಳಿದ ಕಡಲಿನ ಮೇಲಿನ ತಂಪುಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ಇದೇ ಮುಂಬೈಯ ಸಮುದ್ರಗಾಳಿ. ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲಿ ಒಂದು ಮಾತು ಮತ್ತೆಮತ್ತೆ ಬರುತ್ತದೆ: ಸಮುದ್ರಗಾಳಿ ತಡವಾಗಿ ಬೀಸಿತು. ಒಳನಾಡಿನ ಕಾದ ನೆಲದ ಮೇಲಿಂದ ಪೂರ್ವದ ಗಾಳಿ ಜೋರಾಗಿ ಬಂದರೆ ಕಡಲ ಗಾಳಿ ದಡ ಹತ್ತಲಾಗದೆ ಹೊರಗೇ ನಿಲ್ಲುತ್ತದೆ. ಅದು ಹನ್ನೊಂದು ಹನ್ನೆರಡಕ್ಕೆ ಬರಬೇಕಾದದ್ದು ಎರಡು ಗಂಟೆಗೆ ಬಂದರೆ ಸಾಕು, ಅಷ್ಟರಲ್ಲಿ ಸಾಂತಾಕ್ರೂಜ್ 40 ಮುಟ್ಟಿರುತ್ತದೆ. ಅಲ್ಲಿನ ವೀಕ್ಷಣಾಲಯದಲ್ಲಿ 1952ರ ಏಪ್ರಿಲ್ 14ರಂದು ದಾಖಲಾದ 42.2 ಡಿಗ್ರಿಯನ್ನೇ ಮುಂಬೈಯ ಗರಿಷ್ಠ ದಾಖಲೆಯಾಗಿ ಇಂದಿಗೂ ಉಲ್ಲೇಖಿಸುತ್ತಾರೆ. ಕಡಲು ಕೈಬಿಟ್ಟ ಕೆಲವೇ ಗಂಟೆಗಳಲ್ಲಿ ಮುಂಬೈ ಕಲಬುರಗಿಯಾಗುತ್ತದೆ.

ಚಳಿಯ ದಾಖಲೆಯೂ ಸಾಂತಾಕ್ರೂಜಿನದ್ದೇ: 1962ರ ಜನವರಿ 27ರಂದು 7.4 ಡಿಗ್ರಿ. ಸೆಕೆ ಮತ್ತು ಚಳಿ ಎರಡರ ತುದಿಗಳೂ ಉಪನಗರದ ಪಾಲಾಗಿರುವುದು ಆಕಸ್ಮಿಕವಲ್ಲ. ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಸ್ಥಾಪಿಸಿದ ಕೊಲಾಬಾ ವೀಕ್ಷಣಾಲಯ ಇರುವುದು ಮೂರು ಕಡೆ ನೀರಿರುವ ನಾಲಗೆಯಂಥ ನೆಲದಲ್ಲಿ. ಹಗಲು ಕಾಯಲು, ರಾತ್ರಿ ತಣಿಯಲು ಸಮುದ್ರ ಅದಕ್ಕೆ ಬಿಡುವುದಿಲ್ಲ. ಜನವರಿಯ ಬೆಳಗಿನ ಜಾವ ಸಾಂತಾಕ್ರೂಜ್ ಕೊಲಾಬಾಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರುವುದು ಮಾಮೂಲು. ಒಂದೇ ಊರಿನ ಎರಡು ಉಷ್ಣಮಾಪಕಗಳ ನಡುವಿನ ಈ ಅಂತರ ನೀರು ಎಷ್ಟು ಹತ್ತಿರವಿದೆ ಎಂಬುದರ ಅಳತೆ.

ನೀರಿಗೇ ಏಕೆ ಇಷ್ಟು ದೊಡ್ಡ ಹೊಟ್ಟೆ? ಅದೇ ನೀರು ಮಂಜುಗಡ್ಡೆಯಾದಾಗ ಕಿಲೋಗೆ 2.1 ಕಿಲೋಜೂಲ್ ಸಾಕು, ಆವಿಯಾದಾಗಲೂ ಸುಮಾರು 2. ದ್ರವವಾಗಿರುವಾಗ ಮಾತ್ರ ದುಪ್ಪಟ್ಟು. ದ್ರವ ನೀರಿನ ಅಣುಗಳು ಪಕ್ಕದ ಅಣುಗಳೊಡನೆ ಹೈಡ್ರೋಜನ್ ಬಂಧಗಳಿಂದ ಹೆಣೆದುಕೊಂಡಿರುತ್ತವೆ. ಶಾಖ ಒಳಬಂದಾಗ ಅದರ ಒಂದು ಪಾಲು ಅಣುಗಳನ್ನು ಹೆಚ್ಚು ಕುಣಿಸುವುದಕ್ಕೆ ಹೋಗದೆ ಆ ಬಂಧಗಳನ್ನು ಸಡಿಲಿಸುವುದರಲ್ಲೇ ಖರ್ಚಾಗುತ್ತದೆ. ಕುಣಿತ ಹೆಚ್ಚದಿದ್ದರೆ ಉಷ್ಣಮಾಪಕ ಏರುವುದಿಲ್ಲ.

ಲೋಹಗಳ ಕತೆ ಇದಕ್ಕಿಂತ ಸರಳ, ಆದ್ದರಿಂದಲೇ ಸುಂದರ. 1819ರಲ್ಲಿ ಡ್ಯುಲಾಂಗ್ ಮತ್ತು ಪೆತಿ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಹಲವು ಲೋಹಗಳನ್ನು ಅಳೆದರು. ತೂಕದ ಬದಲು ಪರಮಾಣುಗಳ ಲೆಕ್ಕ ಹಿಡಿದರೆ ಎಲ್ಲವೂ ಹೆಚ್ಚೂಕಡಿಮೆ ಒಂದೇ ಪ್ರಮಾಣದ ಶಾಖ ಹಿಡಿಯುತ್ತವೆ ಎಂದು ಕಂಡರು. ಕಿಲೋ ಸೀಸದಲ್ಲಿ ಕಡಿಮೆ ಪರಮಾಣುಗಳು, ಕಿಲೋ ಅಲ್ಯೂಮಿನಿಯಂನಲ್ಲಿ ಬಹಳ. ವ್ಯತ್ಯಾಸ ಇಷ್ಟೇ. ಈ ನಿಯಮಕ್ಕೆ ಮಣಿಯದ ದೊಡ್ಡ ಅಪವಾದ ವಜ್ರ. ಕೋಣೆಯ ಉಷ್ಣತೆಯಲ್ಲಿ ಅದರ ಪ್ರತಿ ಪರಮಾಣು ಹಿಡಿಯುವ ಶಾಖ ನಿಯಮ ಹೇಳುವುದರ ನಾಲ್ಕನೇ ಒಂದು ಪಾಲು ಮಾತ್ರ. 1907ರಲ್ಲಿ ಐನ್‌ಸ್ಟೈನ್ ಇದೇ ವಜ್ರದ ಅಂಕಿಗಳನ್ನು ಹಿಡಿದು ಉತ್ತರ ಕಂಡುಕೊಂಡರು. ಪರಮಾಣುಗಳು ತಮಗೆ ಬೇಕಾದಷ್ಟು ಶಕ್ತಿಯನ್ನು ಚೂರುಚೂರಾಗಿ ತೆಗೆದುಕೊಳ್ಳಲಾರವು, ನಿಗದಿತ ಕಂತುಗಳಲ್ಲಿ ಮಾತ್ರ ಪಡೆಯಬಲ್ಲವು. ವಜ್ರದ ಬಂಧ ಬಹಳ ಬಿಗಿ, ಹಾಗಾಗಿ ಕಂತೂ ದೊಡ್ಡದು. ಕೋಣೆಯ ಬಿಸಿ ಅದಕ್ಕೆ ಸಾಲದು. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಭಾರತ್ ಡೈಮಂಡ್ ಬೋರ್ಸಿನಲ್ಲಿ ಕೈಯಿಂದ ಕೈಗೆ ಹೋಗುವ ಪ್ರತಿಯೊಂದು ಹರಳೂ ಕ್ವಾಂಟಂ ಸಿದ್ಧಾಂತದ ಸಾಕ್ಷಿಯೇ.

ಈ ವಜ್ರದ ಗುಟ್ಟು ಬೆಂಗಳೂರಿನಲ್ಲೂ ಒಬ್ಬರನ್ನು ಬಿಡದೆ ಕಾಡಿತ್ತು. ಸಿ. ವಿ. ರಾಮನ್ 1940ರ ದಶಕದಿಂದ ಹರಳುಗಳ ಕಂಪನ ಮತ್ತು ಅವುಗಳ ವಿಶಿಷ್ಟೋಷ್ಣದ ಬಗ್ಗೆ ತಮ್ಮದೇ ಸಿದ್ಧಾಂತ ಕಟ್ಟಿದರು, ಅದನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದರು. ತಾವೇ ಒಮ್ಮೆ ಬೆಂಗಳೂರಿಗೆ ಕರೆಸಿಕೊಂಡಿದ್ದ ಮ್ಯಾಕ್ಸ್ ಬಾರ್ನ್ ಅವರ ಸಿದ್ಧಾಂತವನ್ನು ಕಟುವಾಗಿ ವಿರೋಧಿಸಿದರು. ಕಾಲ ಬಾರ್ನ್ ಕಡೆಗೆ ತೀರ್ಪು ಕೊಟ್ಟಿತು. ಆದರೂ ರಾಮನ್ ಎತ್ತಿದ ಆಕ್ಷೇಪಗಳು ಹರಳುಗಳ ಕಂಪನವನ್ನು ಇನ್ನಷ್ಟು ನಿಖರವಾಗಿ ಅಳೆಯುವಂತೆ ಇತರರನ್ನು ತಳ್ಳಿದವು, ಆ ಋಣವನ್ನು ನೆನೆಯಬೇಕು. ರಾಮನ್ ಅವರ ವಿಭಾಗದಲ್ಲೇ ಕೆಲಸ ಮಾಡುತ್ತಿದ್ದ ಹೋಮಿ ಭಾಭಾ 1945ರಲ್ಲಿ ಬೆಂಗಳೂರಿನಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿ, ಅದೇ ವರ್ಷ ಮುಂಬೈಗೆ ತಂದರು.

ಆ ಸಂಸ್ಥೆ ಈಗ ಕೊಲಾಬಾದ ತುದಿಯಲ್ಲಿ, ಕಡಲಿಗೆ ಅಂಟಿಕೊಂಡಿದೆ. ನಗರ ಬೇಯುತ್ತಿರುವಾಗ ಅದರ ಒಂದು ಪ್ರಯೋಗಾಲಯದಲ್ಲಿ ಶುದ್ಧ ಬಿಸ್ಮತ್ ಹರಳು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಸಾವಿರದ ಅರ್ಧ ಪಾಲಿನಷ್ಟೇ ಮೇಲೆ ಅತಿವಾಹಕವಾಗುವುದನ್ನು ಎಸ್. ರಾಮಕೃಷ್ಣನ್ ತಂಡ ಕಂಡಿತು. 0.53 ಮಿಲಿಕೆಲ್ವಿನ್ ಎಂಬ ಆ ಅಂಕಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅಷ್ಟು ತಣ್ಣಗೆ ಇಳಿದಾಗ ಹರಳಿನ ಶಾಖಧಾರಣ ಸಾಮರ್ಥ್ಯವೇ ಬತ್ತಿಹೋಗಿರುತ್ತದೆ. ಕಟ್ಟಡದ ಚಿಕ್ಕ ನಡುಕವೂ ಹರಳನ್ನು ಬಿಸಿ ಮಾಡಿಬಿಡಬಲ್ಲದು. ಹತ್ತಿರದಲ್ಲೇ ಅಳತೆಗೆ ಮೀರಿದ ಶಾಖಧಾರಣೆಯ ಅರಬ್ಬಿ ಸಮುದ್ರ, ಗೋಡೆಯ ಒಳಗೆ ಅದು ಶೂನ್ಯಕ್ಕೆ ಹತ್ತಿರವಾದ ಹರಳು.

ಟ್ರಾಂಬೆಯ ಕಡೆ ಇದೇ ಸಮುದ್ರ ಕೈಗಾರಿಕೆಯ ದುಡಿಮೆಗೆ ಇಳಿದಿದೆ. ದೇಶದ ಮೊದಲ ಪರಮಾಣು ರಿಯಾಕ್ಟರ್ ಅಪ್ಸರಾ 1956ರ ಆಗಸ್ಟ್ 4ರಂದು ಅಲ್ಲಿ ಚಾಲನೆಗೊಂಡಿತು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ 1955ರಲ್ಲಿ ಪರಮಾಣು ಶಕ್ತಿ ಇಲಾಖೆ ಸೇರಿದ ಎಂ. ಆರ್. ಶ್ರೀನಿವಾಸನ್ ಅದನ್ನು ಕಟ್ಟಿದ ತಂಡದಲ್ಲಿದ್ದರು. ತುಮಕೂರಿನ ರಾಜಾ ರಾಮಣ್ಣ ಮುಂದೆ ಅಲ್ಲಿನ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಆಮೇಲೆ ಬಂದ ಸೈರಸ್, ಧ್ರುವ ರಿಯಾಕ್ಟರುಗಳ ಶಾಖ ಕೊನೆಗೆ ಹೋಗಿ ಸೇರಿದ್ದು ಕಡಲ ನೀರಿಗೆ. ಧ್ರುವದ ಸಾಮರ್ಥ್ಯ 100 ಮೆಗಾವಾಟ್. ಅಷ್ಟು ಶಾಖವನ್ನು ಹೊತ್ತೊಯ್ಯಲು, ನೀರು ಹತ್ತು ಡಿಗ್ರಿ ಬಿಸಿಯಾಗಬಹುದು ಎಂದು ಇಟ್ಟುಕೊಂಡರೆ, ಸೆಕೆಂಡಿಗೆ 2,500 ಕಿಲೋ ಕಡಲ ನೀರು ಬೇಕು. ಅದೇ ಕೆಲಸಕ್ಕೆ ಗಾಳಿಯನ್ನು ನಂಬಿದರೆ ಸೆಕೆಂಡಿಗೆ 8,000 ಘನ ಮೀಟರಿಗೂ ಹೆಚ್ಚು ಗಾಳಿ ಹಾಯಬೇಕು. ದೊಡ್ಡ ವಿದ್ಯುತ್ ಸ್ಥಾವರಗಳು ಕಡಲು, ನದಿ, ಜಲಾಶಯಗಳ ಪಕ್ಕದಲ್ಲೇ ಏಕೆ ಏಳುತ್ತವೆ ಎಂಬುದಕ್ಕೆ ಈ ಒಂದು ಲೆಕ್ಕ ಸಾಕು.

ಇಷ್ಟೆಲ್ಲ ಉಪಕಾರಿಯಾದ ಗುಣ ಮನೆಯ ಮಾಡಿನ ಮೇಲೆ ಹೇಗೆ ಶತ್ರುವಾಗುತ್ತದೆ?

ಧಾರಾವಿಯ ಒಂದು ಪತ್ರಾ ಮಾಡನ್ನು ತೆಗೆದುಕೊಳ್ಳೋಣ. ಅರ್ಧ ಮಿಲಿಮೀಟರ್ ದಪ್ಪದ ತಗಡು ಚದರ ಮೀಟರಿಗೆ ನಾಲ್ಕು ಕಿಲೋ ತೂಗುತ್ತದೆ. ಒಂದು ಡಿಗ್ರಿ ಏರಲು ಅದಕ್ಕೆ ಎರಡು ಕಿಲೋಜೂಲ್ ಸಾಕು. ಮಧ್ಯಾಹ್ನದ ಬಿಸಿಲಿನಲ್ಲಿ ಸೆಕೆಂಡಿಗೆ 500 ಜೂಲ್ ಒಳಸೇರುತ್ತದೆ ಎಂದುಕೊಂಡರೆ ನಾಲ್ಕೇ ಸೆಕೆಂಡಿಗೆ ಒಂದು ಡಿಗ್ರಿ. ಮೋಡ ಸರಿದ ಕೆಲವೇ ನಿಮಿಷದಲ್ಲಿ ತಗಡು ಸುಡತೊಡಗುತ್ತದೆ, ಕೆಳಗೆ ಕೂತು ಚರ್ಮದ ಚೀಲ ಹೊಲಿಯುವವರ ತಲೆಯ ಮೇಲೆ ಕೆಂಡದ ಹಾಗೆ ಕಾಯುತ್ತದೆ. ಆದರೆ ಸೂರ್ಯ ಮುಳುಗಿದರೆ ಅಷ್ಟೇ ಬೇಗ ಆರುತ್ತದೆ, ಏಕೆಂದರೆ ಅದರಲ್ಲಿ ಕೂಡಿಟ್ಟದ್ದೇನೂ ಇಲ್ಲ.

ಇನ್ನು ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬು. ಚದರ ಮೀಟರಿಗೆ 300 ಕಿಲೋ ತೂಕ, ಒಂದು ಡಿಗ್ರಿಗೆ 270 ಕಿಲೋಜೂಲ್. ತಗಡು ನಾಲ್ಕು ಸೆಕೆಂಡಿನಲ್ಲಿ ಏರುವ ಡಿಗ್ರಿಯನ್ನು ಇದು ಏರಲು ಒಂಬತ್ತು ನಿಮಿಷ ಹಿಡಿಯುತ್ತದೆ. ಬೆಳಿಗ್ಗೆ ಇದು ವರದಂತೆಯೇ ಕಾಣುತ್ತದೆ. ಆದರೆ ಸಂಜೆಯ ಹೊತ್ತಿಗೆ ಸ್ಲ್ಯಾಬು ಹತ್ತು ಡಿಗ್ರಿ ಏರಿದೆ ಎಂದಿಟ್ಟುಕೊಳ್ಳಿ. ಕೊಳೆಗೇರಿ ಪುನರ್ವಸತಿ ಯೋಜನೆಯ (ಎಸ್‌ಆರ್‌ಎ) ಮುನ್ನೂರು ಚದರಡಿಯ ಒಂದು ಮನೆಯ ಮೇಲೆ ಆಗ ಕೂಡಿಕೊಂಡಿರುವ ಹೆಚ್ಚುವರಿ ಶಾಖವನ್ನು ವಿದ್ಯುತ್ತಿನ ಭಾಷೆಯಲ್ಲಿ ಹೇಳುವುದಾದರೆ ಸುಮಾರು 21 ಯುನಿಟ್. ಅದರಲ್ಲಿ ಒಂದಷ್ಟು ಆಕಾಶಕ್ಕೆ ಹೋಗುತ್ತದೆ, ಮಿಕ್ಕದ್ದು ಕೋಣೆಗೆ ಇಳಿಯುತ್ತದೆ, ಅದೂ ಮನೆಮಂದಿ ಮಲಗುವ ಹೊತ್ತಿಗೆ.

ಬಿಸಿ ಕಾಂಕ್ರೀಟಿನೊಳಗೆ ನಡೆಯುವ ವೇಗಕ್ಕೂ ಒಂದು ಲೆಕ್ಕವಿದೆ. ಹಗಲು ರಾತ್ರಿಯ ಏರಿಳಿತದ ಅಲೆ ಸುಮಾರು 15 ಸೆಂಟಿಮೀಟರ್ ಒಳಗೆ ಹೋಗುವಷ್ಟರಲ್ಲಿ ಮೂರನೇ ಒಂದು ಪಾಲಿಗೆ ಕುಗ್ಗುತ್ತದೆ, ಅಷ್ಟು ದೂರಕ್ಕೆ ನಾಲ್ಕು ಗಂಟೆ ಹತ್ತಿರ ತೆಗೆದುಕೊಳ್ಳುತ್ತದೆ. ಮೇಲ್ಮೈ ಮಧ್ಯಾಹ್ನ ಎರಡಕ್ಕೆ ಅತಿ ಹೆಚ್ಚು ಕಾದರೆ ಬರಿಯ ಸ್ಲ್ಯಾಬಿನ ಕೆಳಮೈ ಅತಿ ಬಿಸಿಯಾಗುವುದು ಐದರ ನಂತರ. ಮುಂಬೈಯ ಟೆರೇಸುಗಳಲ್ಲಿ ಮಳೆನೀರು ಸೋರದಿರಲೆಂದು ಒಡೆದ ಇಟ್ಟಿಗೆ ಮತ್ತು ಗಾರೆಯ ದಪ್ಪ ಪದರ ಹಾಸುತ್ತಾರೆ, ಗಾರೆ ಕೆಲಸದವರು ಅದನ್ನು ಬ್ರಿಕ್‌ಬ್ಯಾಟ್ ಕೋಬಾ ಎನ್ನುತ್ತಾರೆ. ಆ ನಾಲ್ಕು ಇಂಚು ಸೇರಿದರೆ ಬಿಸಿಯ ಶಿಖರ ಇನ್ನೂ ಮೂರು ಗಂಟೆ ಮುಂದಕ್ಕೆ ಹೋಗಿ ರಾತ್ರಿ ಎಂಟೊಂಬತ್ತಕ್ಕೆ ಬೀಳುತ್ತದೆ. ವಿರಾರ್ ಲೋಕಲ್ಲಿನ ನೂಕುನುಗ್ಗಲಿನಿಂದ ಇಳಿದು ಮನೆ ಸೇರಿದವರನ್ನು ಮಧ್ಯಾಹ್ನ ಎರಡರ ಬಿಸಿಲು ಒಳಗೆ ಕಾಯುತ್ತಿರುತ್ತದೆ.

ಕೋಟೆ ಪ್ರದೇಶದ ಹಳೆಯ ಕಲ್ಲಿನ ಕಟ್ಟಡಗಳು ಈ ತಾಪತ್ರಯದಿಂದ ಪಾರಾದದ್ದು ದಪ್ಪದಿಂದ. 1878ರಲ್ಲಿ ಮುಗಿದ ಹೈಕೋರ್ಟ್ ಕಟ್ಟಡ, ಅದರ ಪಕ್ಕದ ರಾಜಾಬಾಯಿ ಗೋಪುರ, ಬೋರಿಬಂದರಿನ ರೈಲು ನಿಲ್ದಾಣ ಇವೆಲ್ಲ ಆ ಕಾಲದವು. ಅರ್ಧ ಮೀಟರ್ ದಪ್ಪದ ಕಲ್ಲಿನ ಗೋಡೆ ದಾಟಿ ಒಳಗೆ ಬರುವ ಹೊತ್ತಿಗೆ ಹಗಲಿನ ಏರಿಳಿತದಲ್ಲಿ ಇಪ್ಪತ್ತನೇ ಒಂದು ಪಾಲೂ ಉಳಿದಿರುವುದಿಲ್ಲ. ಎತ್ತರದ ಮಾಡು, ಮುಂದೆ ವರಾಂಡ, ಗಾಳಿಗೆ ದೊಡ್ಡ ಕಿಟಕಿ ಇರುವುದರಿಂದ ಉಳಿದದ್ದೂ ಹೊರಗೆ ಹೋಗುತ್ತದೆ. ಕಲಬುರಗಿ, ವಿಜಯಪುರಗಳ ಮಣ್ಣಿನ ಮಾಳಿಗೆಯ ತರ್ಕವೂ ಇದೇ. ಹಗಲು ನುಂಗಿದ್ದನ್ನು ಮಾಳಿಗೆ ರಾತ್ರಿಯ ತಣ್ಣನೆಯ ಆಕಾಶಕ್ಕೆ ಚೆಲ್ಲಿ ಬೆಳಿಗ್ಗೆ ಖಾಲಿಯಾಗುತ್ತದೆ. ಅಲ್ಲಿ ಮೇ ತಿಂಗಳ ಹಗಲು ರಾತ್ರಿಯ ಅಂತರ ಹದಿನಾಲ್ಕು ಡಿಗ್ರಿಯಷ್ಟು, ಕೊಲಾಬಾದಲ್ಲಿ ಆರೋ ಏಳೋ. ಹಗಲಿಡೀ ಕಾಪಾಡಿದ ಕಡಲೇ ರಾತ್ರಿಯ ಗಾಳಿಯನ್ನು 27ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ, ಮೇಲಾಗಿ ಗಾಳಿಯ ತೇವ ಶಾಖ ಆಕಾಶಕ್ಕೆ ಹೋಗದಂತೆ ತಡೆಯುತ್ತದೆ. ಖಾಲಿಯಾಗಲು ಅವಕಾಶವಿಲ್ಲದ ಸ್ಲ್ಯಾಬು ಮರುದಿನದ ಬಿಸಿಲನ್ನು ಅರ್ಧ ತುಂಬಿದ ಹೊಟ್ಟೆಯಲ್ಲೇ ಎದುರುಗೊಳ್ಳುತ್ತದೆ. ಒಳನಾಡಿನ ಜಾಣತನವನ್ನು ಕರಾವಳಿಗೆ ಹಾಗೆಯೇ ತಂದರೆ ಆಗುವ ಅನಾಹುತ ಇದು.

ಮನುಷ್ಯನ ಮೈಯೂ ಹೆಚ್ಚಿನಂಶ ನೀರು. ಅದರ ವಿಶಿಷ್ಟೋಷ್ಣ ಸುಮಾರು 3.5. 60 ಕಿಲೋ ತೂಕದ ದೇಹ ಸುಮ್ಮನೆ ಕೂತಾಗಲೂ ಸೆಕೆಂಡಿಗೆ 100 ಜೂಲ್ ಶಾಖ ಹುಟ್ಟಿಸುತ್ತದೆ. ಅದು ಹೊರಹೋಗುವ ದಾರಿಯೆಲ್ಲ ಮುಚ್ಚಿದರೆ ಮೂವತ್ತೈದು ನಿಮಿಷಕ್ಕೆ ಮೈಬಿಸಿ ಒಂದು ಡಿಗ್ರಿ ಏರುತ್ತದೆ. ತೇವದ ಗಾಳಿಯಲ್ಲಿ ಬೆವರು ಆರದಿರುವುದೆಂದರೆ ಮುಖ್ಯ ದಾರಿ ಮುಚ್ಚಿದಂತೆಯೇ. 2023ರ ಏಪ್ರಿಲ್ 16ರಂದು ನವಿಮುಂಬೈಯ ಖಾರ್ಘರ್‌ನಲ್ಲಿ, ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನಕ್ಕೆ ನೆರಳಿಲ್ಲದ ಬಯಲಿನಲ್ಲಿ ಗಂಟೆಗಟ್ಟಲೆ ಕೂತಿದ್ದ ಜನರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಸತ್ತರು. ಕರಾವಳಿಯ ಬಿಸಿಲನ್ನು ಉಷ್ಣಮಾಪಕದ ಅಂಕಿಯೊಂದರಿಂದ ಅಳೆದು ಹಗುರವಾಗಿ ಕಾಣುವುದು ಸಾವಿಗೆ ದಾರಿ. ಹಗಲು ಕಾದ ದೇಹಕ್ಕೆ ರಾತ್ರಿ ತಣಿಯುವ ಜಾಗವೂ ಸಿಗದಿದ್ದರೆ ಅಪಾಯ ದುಪ್ಪಟ್ಟಾಗುತ್ತದೆ, ಆದ್ದರಿಂದ ಸ್ಲ್ಯಾಬಿನ ಮಾತು ಆರೋಗ್ಯದ ಮಾತೂ ಹೌದು.

ಧಾರಾವಿ, ಗೋವಂಡಿಗಳ ಪತ್ರಾ ಮನೆಗಳು ಒಂದೊಂದಾಗಿ ತೆರವಾಗಿ ಅಲ್ಲಿ ಸಿಮೆಂಟಿನ ಗೋಪುರಗಳು ಬರುತ್ತಿವೆ. ಹಗಲು ಸುಡುವ ಮಾಡಿನಿಂದ ರಾತ್ರಿ ಸುಡುವ ಮಾಡಿಗೆ ಸ್ಥಳಾಂತರವಾದರೆ ಅದು ಅರ್ಧ ನ್ಯಾಯ. ಪರಿಹಾರ ದುಬಾರಿಯೂ ಅಲ್ಲ, ಹೊಸದೂ ಅಲ್ಲ. ಕೋಬಾದ ಮೇಲೆ ಒಡೆದ ಬಿಳಿ ಪಿಂಗಾಣಿ ಚೂರುಗಳನ್ನು ಒತ್ತುವ ಚೈನಾ ಮೊಸಾಯಿಕ್ ಕೆಲಸ ಮುಂಬೈಯ ಗಾರೆಯವರಿಗೆ ತಲೆಮಾರುಗಳಿಂದ ಗೊತ್ತು. ಬಿಳುಪು ಬಿಸಿಲನ್ನು ಮರಳಿಸುತ್ತದೆ, ಒಳಗೇ ಬಾರದ ಶಾಖವನ್ನು ಕೂಡಿಡುವ ಪ್ರಶ್ನೆಯೇ ಬರುವುದಿಲ್ಲ. ಪ್ರತಿ ಬೇಸಿಗೆಯ ಮುಂಚೆ ಸುಣ್ಣ ಬಳಿದರೂ ಸಾಕಷ್ಟು ಕೆಲಸ ಆಗುತ್ತದೆ. ಶಾಖನಿರೋಧಕ ಹಾಸುವುದಾದರೆ ಅದು ಸ್ಲ್ಯಾಬಿನ ಮೇಲೆ, ಬಿಸಿಲಿನ ಕಡೆ ಇರಬೇಕು. ಒಳಗಡೆ ಫಾಲ್ಸ್ ಸೀಲಿಂಗ್ ಹೊಡೆದರೆ ಮುನ್ನೂರು ಕಿಲೋ ಕಾಂಕ್ರೀಟ್ ಹಗಲಿಡೀ ಕಾಯುವುದು ತಪ್ಪುವುದಿಲ್ಲ. ಮೇಲೆ ಹಾಸಿದರೆ ಅದೇ ಕಾಂಕ್ರೀಟ್ ಕೋಣೆಯ ಕಡೆಗೆ ತಿರುಗಿ, ಒಲೆಯ ಮತ್ತು ಮನುಷ್ಯರ ಬಿಸಿಯನ್ನು ತಾನೇ ಹೀರಿಕೊಳ್ಳಲು ಬಿಡುವಾಗುತ್ತದೆ.